ರೈಲು ಕಂಬಿ: ಸುಂಕಪಟ್ಟಿಯ 7302ನೇ ಶೀರ್ಷಿಕೆ ಮತ್ತು ಜಾಗತಿಕ ವ್ಯಾಪಾರ

ಕೆಂಗೇರಿ: ಬೆಂಗಳೂರಿನ ಪಶ್ಚಿಮದ ಹೆಬ್ಬಾಗಿಲೆನಿಸಿದ ಕೆಂಗೇರಿಯಲ್ಲಿ ಎರಡು ಬಗೆಯ ರೈಲು ಹಳಿಗಳಿವೆ. ಒಂದು, ಮೈಸೂರಿನ ಕಡೆಗೆ ಸಾಗುವ ಭಾರತೀಯ ರೈಲ್ವೆಯ ಬ್ರಾಡ್ ಗೇಜ್ ಹಳಿ. ಅದರ ಎರಡು ಕಂಬಿಗಳ ನಡುವಣ ಅಂತರ 1,676 ಮಿಲಿಮೀಟರ್. ಇನ್ನೊಂದು, ಕಾಂಕ್ರೀಟ್ ಸೇತುವೆಯ ಮೇಲೆ ಸಾಗುವ ‘ನಮ್ಮ ಮೆಟ್ರೊ’ ನೇರಳೆ ಮಾರ್ಗ. ಅಲ್ಲಿ ಅಂತರ 1,435 ಮಿಲಿಮೀಟರ್. ಮೈಸೂರು ರಸ್ತೆಯಿಂದ ಕೆಂಗೇರಿವರೆಗಿನ ಸುಮಾರು 7.5 ಕಿ.ಮೀ. ಮೆಟ್ರೊ ಮಾರ್ಗ 2021ರ ಆಗಸ್ಟ್ 29ರಂದು ಉದ್ಘಾಟನೆಗೊಂಡಿತು. ಕೆಂಗೇರಿಯಿಂದ ಚಲ್ಲಘಟ್ಟದವರೆಗಿನ ಭಾಗದಲ್ಲಿ 2023ರ ಅಕ್ಟೋಬರ್ 9ರಂದು ಸಂಚಾರ ಆರಂಭವಾಯಿತು.

ಈ ಎರಡು ಹಳಿಗಳ ಒಡೆತನ ಬೇರೆ, ಅಗಲ ಬೇರೆ, ಉಕ್ಕಿನ ಗುಣಮಟ್ಟವೂ ಬೇರೆ. ಆದರೆ ಇವುಗಳ ಕಂಬಿ ಹಡಗಿನಿಂದ ಬಂದರಿನಲ್ಲಿ ಇಳಿದರೆ ಕಸ್ಟಮ್ಸ್ ಅಧಿಕಾರಿ ಎರಡಕ್ಕೂ ಬರೆದುಕೊಳ್ಳುವುದು ಒಂದೇ ಸಂಖ್ಯೆ: 7302 10. ಈ ಸಂಖ್ಯೆಯ ಹಿಂದಿರುವ ವ್ಯವಸ್ಥೆ ಯಾವುದು, ಅದರಲ್ಲಿ ಒಂದು ಅಂಕಿ ತಪ್ಪಿದರೆ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಪದದ ವಿಚಾರ. ಆಡುಮಾತಿನಲ್ಲಿ ಹಳಿ, ಕಂಬಿ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವುದುಂಟು. ಇಲ್ಲಿ ಬಿಡಿಯಾದ ಉಕ್ಕಿನ ತುಂಡನ್ನು ಕಂಬಿ ಎಂದೂ, ಸ್ಲೀಪರುಗಳ ಮೇಲೆ ಜೋಡಿಸಿದ ಮಾರ್ಗವನ್ನು ಹಳಿ ಎಂದೂ ಕರೆಯಲಾಗಿದೆ. ಇದು ಭಾಷೆಯ ಮಡಿವಂತಿಕೆಯಲ್ಲ. ಸುಂಕಪಟ್ಟಿಯಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳಿಗೆ ಸೇರಿದ ಸರಕುಗಳು.

ಸಂಖ್ಯೆಯ ಹುಟ್ಟು

ಅಂಗಡಿಯ ಜಿಎಸ್‌ಟಿ ಬಿಲ್ಲಿನಲ್ಲಿ ‘ಎಚ್‌ಎಸ್‌ಎನ್’ ಎಂಬ ಕಾಲಂ ಇರುವುದನ್ನು ಓದುಗರು ಕಂಡಿರಬಹುದು. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ರೂಪಿಸಿದ ಈ ಸಾಮರಸ್ಯ ಪದ್ಧತಿ 1988ರ ಜನವರಿ 1ರಿಂದ ಜಾರಿಯಲ್ಲಿದೆ. ಮೊದಲ ಎರಡು ಅಂಕಿ ಅಧ್ಯಾಯ, ನಾಲ್ಕು ಅಂಕಿ ಶೀರ್ಷಿಕೆ, ಆರು ಅಂಕಿ ಉಪಶೀರ್ಷಿಕೆ. ಆರು ಅಂಕಿಗಳವರೆಗೆ ಜಗತ್ತಿನೆಲ್ಲೆಡೆ ಅರ್ಥ ಒಂದೇ. ಅದರ ಮುಂದಿನದನ್ನು ಆಯಾ ದೇಶವೇ ಸೇರಿಸಿಕೊಳ್ಳುತ್ತದೆ. ಭಾರತದಲ್ಲಿ 1975ರ ಕಸ್ಟಮ್ಸ್ ಸುಂಕಪಟ್ಟಿ ಕಾಯಿದೆಯ ಮೊದಲ ಅನುಸೂಚಿ ಎಂಟು ಅಂಕಿಗಳನ್ನು ಬಳಸುತ್ತದೆ.

72ನೇ ಅಧ್ಯಾಯ ಕಬ್ಬಿಣ ಮತ್ತು ಉಕ್ಕಿನದು. 73ನೇ ಅಧ್ಯಾಯ ಅವುಗಳಿಂದ ತಯಾರಾದ ವಸ್ತುಗಳದು. ಕಾದ ಉಕ್ಕನ್ನು ರೋಲರುಗಳ ನಡುವೆ ಹಾಯಿಸಿ ರೂಪಿಸುವ ತೊಲೆ, ಆಂಗಲ್‌ಗಳು 72ರಲ್ಲಿವೆ. ಕಂಬಿಯೂ ಹಾಗೆಯೇ ತಯಾರಾದರೂ ಅದನ್ನು ಅಲ್ಲಿಂದ ಹೊರತೆಗೆದು 73ರಲ್ಲಿ ಕೂರಿಸಲಾಗಿದೆ. ಅದರ ಅಡ್ಡಕೊಯ್ತದ ಆಕಾರವೇ ಅದರ ಕೆಲಸವನ್ನು ಹೇಳಿಬಿಡುತ್ತದೆ ಎಂಬುದು ಇದರ ಹಿಂದಿನ ತರ್ಕವೆನ್ನಬಹುದು. ಅಗಲವಾದ ಪಾದ, ತೆಳುವಾದ ನಡು, ದಪ್ಪ ತಲೆ ಇರುವ ಉಕ್ಕನ್ನು ಯಾರೂ ಮನೆಯ ತೊಲೆ ಎಂದು ಭ್ರಮಿಸಲಾರರು.

7302ನೇ ಶೀರ್ಷಿಕೆಯಲ್ಲಿ ಸದ್ಯ ನಾಲ್ಕು ಉಪಶೀರ್ಷಿಕೆಗಳಿವೆ. 7302 10 ಕಂಬಿಗಳಿಗೆ. 7302 30 ಗಾಡಿ ಮಾರ್ಗ ಬದಲಿಸುವೆಡೆಯ ಸ್ವಿಚ್ ಬ್ಲೇಡ್, ಕ್ರಾಸಿಂಗ್ ಮೊದಲಾದವುಗಳಿಗೆ. 7302 40 ಫಿಶ್‌ಪ್ಲೇಟ್ ಮತ್ತು ತಳಫಲಕಗಳಿಗೆ. 7302 90 ಉಳಿದವುಗಳಿಗೆ. ಕಂಬಿಗಳನ್ನು ಭಾರತದ ಪಟ್ಟಿ ಇನ್ನೂ ಸೀಳಿ ರೈಲ್ವೆಯವು, ಟ್ರಾಮಿನವು, ಇತರ ಎಂದು ಮೂರು ಮಾಡಿದೆ.

ಗೇಜ್ ಎಷ್ಟು, ಕಂಬಿ ಎಷ್ಟು ಗಡಸು, ಕೊಳ್ಳುವವರು ಸರ್ಕಾರವೋ ಖಾಸಗಿಯೋ ಎಂಬ ಪ್ರಶ್ನೆಗಳನ್ನು ಶೀರ್ಷಿಕೆ ಕೇಳುವುದೇ ಇಲ್ಲ. ಮೆಟ್ರೊ ಮಾರ್ಗಗಳಿಗೆ ಸಾಮಾನ್ಯವಾಗಿ ತಲೆಭಾಗವನ್ನು ವಿಶೇಷ ಶಾಖೋಪಚಾರದಿಂದ ಗಡಸುಗೊಳಿಸಿದ 1080 ದರ್ಜೆಯ ‘ಹೆಡ್ ಹಾರ್ಡನ್ಡ್’ ಕಂಬಿ ಬೇಕು. ಆ ಸಂಖ್ಯೆ ಅದರ ಎಳೆತ ಸಾಮರ್ಥ್ಯವನ್ನು ಮೆಗಾಪ್ಯಾಸ್ಕಲ್‌ಗಳಲ್ಲಿ ಸೂಚಿಸುತ್ತದೆ. ಭಾರತೀಯ ರೈಲ್ವೆ ಬಹುಕಾಲ ಬಳಸಿದ್ದು 880 ದರ್ಜೆಯದು. ಬೆಲೆಯಲ್ಲಿ ಅಂತರವಿದ್ದರೂ ಸಂಖ್ಯೆಯಲ್ಲಿ ಅಂತರವಿಲ್ಲ. ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಳ್ಳಬಾರದೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಹಳಿ ಒಂದು, ಅಧ್ಯಾಯ ಹಲವು

ಕೆಂಗೇರಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಸುಂಕಪಟ್ಟಿಯ ಅರ್ಧ ಭಾಗ ಕಣ್ಣಿಗೆ ಬೀಳುತ್ತದೆ. ಕಂಬಿ 7302 10 ಎಂದಾಯಿತು. ಅದು ಮಲಗಿರುವ ಕಾಂಕ್ರೀಟ್ ಸ್ಲೀಪರು ಸಿಮೆಂಟ್ ವಸ್ತುಗಳ 6810ಕ್ಕೆ ಸೇರಿದ್ದು. ಅದೇ ಸ್ಲೀಪರು ಹಿಂದಿನಂತೆ ಮರದ್ದಾಗಿದ್ದರೆ 4406. ಉಕ್ಕಿನದಾಗಿದ್ದರೆ ಮತ್ತೆ 7302. ಕಂಬಿಯನ್ನು ಸ್ಲೀಪರಿಗೆ ಬಿಗಿಹಿಡಿದಿರುವ ಬಾಗಿದ ಉಕ್ಕಿನ ಕ್ಲಿಪ್ಪಿನ ಹೆಸರು 7302ರ ಪಠ್ಯದಲ್ಲೇ ಇದೆ. ಆದರೆ ಪಕ್ಕದ ಬೋಲ್ಟು-ನಟ್ಟು, ಅದು ಹಳಿಗೆಂದೇ ತಯಾರಾಗಿದ್ದರೂ, 7318ಕ್ಕೆ ಹೋಗುತ್ತದೆ. ಕಂಬಿಯಡಿಯ ರಬ್ಬರ್ ಮೆತ್ತೆ 4016. ಸುತ್ತ ಹರಡಿದ ಜಲ್ಲಿ 2517. ರೈಲು ಹಳಿಗೆ ಹಾಕುವ ಜಲ್ಲಿ ಎಂದು ಆ ಶೀರ್ಷಿಕೆಯಲ್ಲೇ ಬರೆದಿದೆ. ವಿದ್ಯುತ್ ಸಿಗ್ನಲ್ ಉಪಕರಣ 8530. ಮೇಲೆ ಉರುಳುವ ಗಾಲಿ 8607ಕ್ಕೆ ಸೇರುತ್ತದೆ. ಅಂತಹ ಗಾಲಿಗಳನ್ನು 1984ರಿಂದ ನಮ್ಮ ಯಲಹಂಕದ ಕಾರ್ಖಾನೆಯೇ ತಯಾರಿಸುತ್ತಿದೆ.

ಇನ್ನು ಇದೇ ಕಂಬಿ, ಸ್ಲೀಪರು, ಕ್ಲಿಪ್ಪುಗಳನ್ನು ವಿದೇಶದಲ್ಲೇ ಜೋಡಿಸಿ ಸಿದ್ಧ ಹಳಿಯ ತುಂಡನ್ನಾಗಿ ತಂದರೆ? ಆಗ ಅದು 7302 ಅಲ್ಲ, 86ನೇ ಅಧ್ಯಾಯದ 8608. ಬಿಡಿಭಾಗ ಒಂದು ಅಧ್ಯಾಯ, ಜೋಡಿಸಿದ್ದು ಮತ್ತೊಂದು ಅಧ್ಯಾಯ. 86ನೇ ಅಧ್ಯಾಯದ ಮೊದಲ ಟಿಪ್ಪಣಿಯೇ 7302ರ ಸಾಮಗ್ರಿ ತನ್ನದಲ್ಲವೆಂದು ಹೊರಗಿಟ್ಟಿದೆ. ಆದ್ದರಿಂದ ‘ರೈಲ್ವೆಗೆ ಸಂಬಂಧಿಸಿದ್ದೆಲ್ಲ 86’ ಎಂಬ ಸಾಮಾನ್ಯ ತಿಳಿವಳಿಕೆ ತಪ್ಪು. ಈ ತಪ್ಪನ್ನು ಅನುಭವಿ ಗುತ್ತಿಗೆದಾರರೂ ಮಾಡುವುದುಂಟು.

86ರ ಗಡಿ ಎಲ್ಲಿ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ರೈಲ್ವೆ ಸಿಗ್ನಲ್‌ಗಳಲ್ಲಿ ಬಳಸುವ ರಿಲೇಗಳು ಸಾಮಾನ್ಯ ವಿದ್ಯುತ್ ಉಪಕರಣಗಳ 8536ಕ್ಕೆ ಸೇರುತ್ತವೆ ಎಂದು ಇಲಾಖೆಯೂ, 8608ಕ್ಕೆ ಸೇರುತ್ತವೆ ಎಂದು ತಯಾರಕರಾದ ಕೋಲ್ಕತ್ತಾದ ವೆಸ್ಟಿಂಗ್‌ಹೌಸ್ ಸ್ಯಾಕ್ಸ್‌ಬಿ ಫಾರ್ಮರ್ ಕಂಪನಿಯೂ ವಾದಿಸಿದ್ದವು. 2021ರ ಮಾರ್ಚ್‌ನಲ್ಲಿ ನ್ಯಾಯಾಲಯ ಕಂಪನಿಯ ಪರ ತೀರ್ಪು ನೀಡಿತು. ಆ ವಾದ ಎದ್ದಿದ್ದು ವಸ್ತುವಿನ ಉಪಯೋಗದ ಆಧಾರದ ಮೇಲೆ. ಕಂಬಿಯ ವಿಷಯದಲ್ಲಿ ಉಪಯೋಗದ ವಾದ ನಡೆಯುವುದಿಲ್ಲ; ಅಲ್ಲಿ ನೋಡುವುದು ಬಗೆಯನ್ನು. ಉಕ್ಕಿನ ಕಾರ್ಖಾನೆಯಲ್ಲೋ ಬಂದರಿನಲ್ಲೋ ಕ್ರೇನ್ ಓಡಿಸಲು ಹಾಕಿದರೂ ರೈಲು ಕಂಬಿಯ ಬಗೆಯದಾಗಿದ್ದರೆ ಅದು 7302. ಅದೇ ಬಹುಮಹಡಿ ಕಟ್ಟಡದ ಲಿಫ್ಟ್ ಜಾರುವ ಗೈಡ್ ರೈಲಿಗೆ ‘ರೈಲು’ ಎಂಬ ಹೆಸರಿದ್ದರೂ ಅದು ಕಂಬಿಯಲ್ಲ, ಲಿಫ್ಟ್‌ನ ಬಿಡಿಭಾಗ. ಸರಿಯುವ ಬಾಗಿಲಿನ ಪಟ್ಟಿಯೂ ಹೊರಗೇ.

ಮೆಟ್ರೊ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕೆಂಗೇರಿಯ ಮೆಟ್ರೊ ಹಳಿಯ ಪಕ್ಕದಲ್ಲಿ ಹೊದಿಕೆಯಡಿ ಮೂರನೆಯ ಕಂಬಿಯೊಂದು ಸಾಗುತ್ತದೆ. ಅದರಲ್ಲಿ 750 ವೋಲ್ಟ್ ನೇರ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಒಯ್ಯುವ ಉಕ್ಕಿನ ಕಂಬಿಯೂ 7302ಕ್ಕೇ ಸೇರುತ್ತದೆ. ಆದರೆ ಈಗಿನ ಮೂರನೆಯ ಕಂಬಿಗಳು ಹೆಚ್ಚಾಗಿ ಅಲ್ಯೂಮಿನಿಯಂ ಮೈಗೆ ಸ್ಟೇನ್‌ಲೆಸ್ ಉಕ್ಕಿನ ಮುಖ ಹೊದಿಸಿದವು. ಎರಡು ಲೋಹಗಳ ವಸ್ತುವಿಗೆ 15ನೇ ವಿಭಾಗದ ಟಿಪ್ಪಣಿ ಸರಳ ನಿಯಮ ನೀಡಿದೆ: ತೂಕದಲ್ಲಿ ಯಾವ ಲೋಹ ಹೆಚ್ಚೋ ಅದರ ವಸ್ತು. ಹಾಗಾಗಿ ಇನ್‌ವಾಯ್ಸಿನಲ್ಲಿ ‘ರೈಲ್’ ಎಂದು ಬರೆದಿದ್ದರೆ ಸಾಲದು, ಅಡ್ಡಕೊಯ್ತದ ನಕ್ಷೆಯನ್ನೂ ತೂಕದ ಲೆಕ್ಕವನ್ನೂ ಮುಂದಿಡಬೇಕಾಗುತ್ತದೆ.

ಹಳೆ ಕಂಬಿ ಗುಜರಿಯೇ?

ಬೆಂಗಳೂರು–ಮೈಸೂರು ಮಾರ್ಗ ಮೊದಲು ಮೀಟರ್ ಗೇಜ್ ಆಗಿತ್ತು. 1990ರ ದಶಕದಲ್ಲಿ ಅದು ಬ್ರಾಡ್ ಗೇಜ್ ಆಯಿತು. ಹೀಗೆ ಮಾರ್ಗ ಬದಲಾದಾಗ ಕಿತ್ತ ಕಂಬಿಗಳ ಗತಿ ಏನು? ನಮ್ಮ ರಾಜ್ಯದ ಅನೇಕ ಊರುಗಳಲ್ಲಿ ಹಳೆಯ ರೈಲು ಕಂಬಿಯನ್ನೇ ವಿದ್ಯುತ್ ಕಂಬವಾಗಿ ನೆಟ್ಟಿರುವುದನ್ನು ಈಗಲೂ ಕಾಣಬಹುದು. ಬೇಲಿಗೂಟವಾಗಿಯೂ ಅವು ನಿಂತಿವೆ. ರೀರೋಲಿಂಗ್ ಗಿರಣಿಗಳಲ್ಲಿ ಕಾಯಿಸಿ ಸರಳುಗಳನ್ನಾಗಿ ಮಾಡುವುದೂ ಇದೆ.

ಸುಂಕಪಟ್ಟಿಗೆ ಈ ಸಂಗತಿ ಚೆನ್ನಾಗಿ ಗೊತ್ತಿದೆ. ಗುಜರಿಯ ಶೀರ್ಷಿಕೆ 7204. ಒಡೆದು, ಕತ್ತರಿಸಿ ಅಥವಾ ಸವೆದು, ವಸ್ತುವಾಗಿ ಇನ್ನು ಬಳಸಲು ಖಂಡಿತ ಸಾಧ್ಯವಿಲ್ಲವೆನ್ನುವ ಲೋಹ ಮಾತ್ರ ಗುಜರಿ. ವಿಶ್ವ ಕಸ್ಟಮ್ಸ್ ಸಂಸ್ಥೆಯ ವಿವರಣಾ ಟಿಪ್ಪಣಿಗಳು ಇದಕ್ಕೆ ಕೊಡುವ ಉದಾಹರಣೆಗಳಲ್ಲಿ ರೈಲು ಕಂಬಿಯೇ ಒಂದು: ಸವೆದಿದ್ದರೂ ಗಣಿಯ ಆಸರೆಗಂಬವಾಗಿ ಬಳಸಬಹುದಾದ ಅಥವಾ ಮತ್ತೆ ರೋಲ್ ಮಾಡಿ ಬೇರೆ ವಸ್ತುವಾಗಿಸಬಹುದಾದ ಕಂಬಿ ಗುಜರಿಯಲ್ಲ. ವಿದೇಶದಿಂದ ಉದ್ದುದ್ದದ ಹಳೆ ಕಂಬಿ ತರಿಸಿ ‘ಸ್ಕ್ರ್ಯಾಪ್’ ಎಂದು ಘೋಷಿಸಿದವರು ತೊಂದರೆಗೆ ಸಿಲುಕುವುದು ಇಲ್ಲಿಯೇ. ಗುಜರಿಗೆ ಸುಂಕ ಸಾಮಾನ್ಯವಾಗಿ ಕಡಿಮೆ ಇರುವುದರಿಂದ ಆಸೆ ಸಹಜ. ಆದರೆ ಅದೇ ಕಂಬಿ ನಾಳೆ ಗಿರಣಿಯಲ್ಲಿ ಸರಳಾಗುವುದಾದರೆ, ಟಿಪ್ಪಣಿಯ ಮಾತು ಆಮದುದಾರನಿಗೆ ವಿರುದ್ಧವಾಗಿಯೇ ಇದೆ.

ಹಡಗಿನಿಂದ ಬಂದ ಕಂಬಿಯಿಂದ ಭಿಲಾಯಿವರೆಗೆ

ಕೆಂಗೇರಿಗೆ ಮೊದಲ ಕಂಬಿ ಬಂದದ್ದು ಮೈಸೂರು ಸ್ಟೇಟ್ ರೈಲ್ವೆಯ ಕಾಲದಲ್ಲಿ. 1876–78ರ ಭೀಕರ ಬರದ ಸಮಯದಲ್ಲಿ ಪರಿಹಾರ ಕಾಮಗಾರಿಯಾಗಿ ಆರಂಭವಾದ ಬೆಂಗಳೂರು–ಮೈಸೂರು ಮಾರ್ಗ 1881–82ರಲ್ಲಿ ಹಂತಹಂತವಾಗಿ ತೆರೆಯಿತು. ರಾಜ್ಯ ಒಡೆಯರಿಗೆ ಮರಳಿದ್ದೂ 1881ರಲ್ಲೇ, ದಿವಾನರು ರಂಗಾಚಾರ್ಲು. ಮಣ್ಣು ನಮ್ಮದು, ದುಡಿಮೆ ನಮ್ಮದು. ಕಂಬಿ ಮಾತ್ರ ಸಮುದ್ರ ದಾಟಿ ಬರಬೇಕಿತ್ತು, ಏಕೆಂದರೆ ದೇಶದಲ್ಲಿ ಆಗ ಕಂಬಿ ತಯಾರಿಸುವ ಆಧುನಿಕ ಉಕ್ಕಿನ ಕಾರ್ಖಾನೆಯೇ ಇರಲಿಲ್ಲ.

ಆ ಸ್ಥಿತಿ ಬದಲಾದದ್ದು 1912ರಲ್ಲಿ ಟಾಟಾ ಕಾರ್ಖಾನೆ ಉಕ್ಕು ತಯಾರಿಸಲು ತೊಡಗಿದ ಮೇಲೆ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದ ರೈಲು ಮಾರ್ಗಗಳಿಗೆ ಹೋದ ಕಂಬಿ ಅಲ್ಲಿಯದು. ಯುದ್ಧ ಮುಗಿದು ವಿದೇಶಿ ಉಕ್ಕು ಅಗ್ಗವಾಗಿ ನುಗ್ಗಿದಾಗ ಕಾರ್ಖಾನೆ ತತ್ತರಿಸಿತು. 1924ರ ಉಕ್ಕು ಉದ್ಯಮ ಸಂರಕ್ಷಣಾ ಕಾಯಿದೆ ಬಂದಿತು. ಇದರಲ್ಲಿ ಕಂಬಿಯ ಪಾಲಿಗೆ ಒಂದು ವಿಶೇಷವಿತ್ತು: ಆಮದು ಸುಂಕವಷ್ಟನ್ನೇ ನೆಚ್ಚಿಕೊಳ್ಳದೆ ದೇಶದಲ್ಲಿ ತಯಾರಾದ ಪ್ರತಿ ಟನ್ ಕಂಬಿಗೆ ಸರ್ಕಾರವೇ ಸಹಾಯಧನ ಕೊಟ್ಟಿತು. 1924–25ರಲ್ಲಿ 32 ರೂಪಾಯಿ, ಮರುವರ್ಷ 26, ಅದರ ಮರುವರ್ಷ 20. ಸುಂಕ ಏರಿಸಿದರೆ ಕಂಬಿ ಕೊಳ್ಳುವ ರೈಲ್ವೆಗಳ ಮೇಲೆ ಹೊರೆ, ಏರಿಸದಿದ್ದರೆ ಕಾರ್ಖಾನೆ ಉಳಿಯದು. ಈ ಇಕ್ಕಟ್ಟು ನೂರು ವರ್ಷಗಳ ನಂತರವೂ ಹಾಗೆಯೇ ಇದೆ.

ಸ್ವಾತಂತ್ರ್ಯಾನಂತರ ಸೋವಿಯತ್ ನೆರವಿನಿಂದ ಸ್ಥಾಪನೆಯಾದ ಭಿಲಾಯಿ ಕಾರ್ಖಾನೆ 1960ರಿಂದ ಕಂಬಿ ತಯಾರಿಸುತ್ತಿದೆ. ಈಗ ಅದು 130 ಮೀಟರ್ ಉದ್ದದ ಏಕಖಂಡ ಕಂಬಿಯನ್ನು ಹೊರತೆಗೆಯುತ್ತದೆ. ಖಾಸಗಿ ವಲಯದಲ್ಲಿ ಜಿಂದಾಲ್‌ನ ರಾಯಗಢ ಗಿರಣಿ ಪ್ರಮುಖವಾದದ್ದು. ಎರಡೂ ಇಂದಿನ ಛತ್ತೀಸಗಢದಲ್ಲಿವೆ. ಉಕ್ಕಿನ ನಾಡೆನಿಸಿದ ಕರ್ನಾಟಕದ ಭದ್ರಾವತಿಯಾಗಲಿ ತೋರಣಗಲ್ಲಾಗಲಿ ಕಂಬಿಗೆ ಹೆಸರಾಗಲಿಲ್ಲ ಎಂಬುದು ಗಮನಾರ್ಹ.

ಭಿಲಾಯಿಯ ಪೂರೈಕೆ ಸಾಲದೆ ಹೋದಾಗ ರೈಲ್ವೆ ಇಲಾಖೆ 2017ರಲ್ಲಿ ಜಾಗತಿಕ ಟೆಂಡರ್ ಕರೆಯಿತು. 2018ರಲ್ಲಿ ಅದರಲ್ಲಿನ ಸುಮಾರು 97 ಸಾವಿರ ಟನ್ನಿನ ಬೇಡಿಕೆ ಜಿಂದಾಲ್ ಪಾಲಾಯಿತು. ಸರ್ಕಾರಿ ಖರೀದಿಯಲ್ಲಿ ದೇಶೀಯ ಉಕ್ಕಿಗೆ ಆದ್ಯತೆ ನೀಡುವ ನೀತಿ 2017ರ ಮೇ ತಿಂಗಳಲ್ಲೇ ಜಾರಿಗೆ ಬಂದಿತ್ತು. ಗಡಸು ತಲೆಯ ಕಂಬಿಗೆ ಮಾತ್ರ ದೇಶದ ಮೆಟ್ರೊ ಯೋಜನೆಗಳು ಬಹುಕಾಲ ಯುರೋಪ್ ಮತ್ತು ಜಪಾನಿನತ್ತ ನೋಡಬೇಕಾಗಿತ್ತು. ಆಸ್ಟ್ರಿಯಾದ ಡೊನಾವಿಟ್ಜ್, ಫ್ರಾನ್ಸ್‌ನ ಹಯಾಂಜ್, ಜಪಾನಿನ ಯವಾತ ಈ ಕಸುಬಿನ ಹಳೆಯ ಊರುಗಳು. ಈಗ ಅಂತಹ ಕಂಬಿ ಭಾರತದಲ್ಲೂ ತಯಾರಾಗುತ್ತಿದೆ.

ಲೆಕ್ಕ ಎಷ್ಟರದು? ಮೀಟರಿಗೆ 60 ಕಿಲೋ ತೂಗುವ ಕಂಬಿಯೆಂದು ಹಿಡಿದರೆ, ಮೈಸೂರು ರಸ್ತೆ–ಕೆಂಗೇರಿ ನಡುವಿನ 7.5 ಕಿ.ಮೀ. ಜೋಡಿಮಾರ್ಗಕ್ಕೆ ನಾಲ್ಕು ಸಾಲುಗಳಲ್ಲಿ 30 ಕಿ.ಮೀ. ಕಂಬಿ, ಅಂದರೆ ಸುಮಾರು 1,800 ಟನ್ ಬೇಕು. ಡಿಪೊದ ಹಳಿಗಳು ಇದರಲ್ಲಿ ಸೇರಿಲ್ಲ. ಇಷ್ಟು ಉಕ್ಕಿನ ಮೇಲೆ ಸುಂಕದ ದರ ಶೇಕಡಾ ಒಂದರಷ್ಟು ಅತ್ತಿತ್ತ ಆದರೂ ಅದು ಕಡೆಗೆ ಬಂದು ಬೀಳುವುದು ಯೋಜನಾ ವೆಚ್ಚದ ಮೇಲೆ, ಅಂದರೆ ಸಾರ್ವಜನಿಕರ ಹಣದ ಮೇಲೆ.

ಒಂದು ಅಂಕಿಯ ಬೆಲೆ

ಇದಕ್ಕೆ ಅಮೆರಿಕದ ಉದಾಹರಣೆ ಸ್ಪಷ್ಟವಾಗಿದೆ. 2018ರ ಮಾರ್ಚ್‌ನಲ್ಲಿ ಆ ದೇಶ ರಾಷ್ಟ್ರೀಯ ಭದ್ರತೆಯ ಕಾರಣ ನೀಡಿ ಉಕ್ಕಿನ ಮೇಲೆ ಶೇಕಡಾ 25ರ ಹೆಚ್ಚುವರಿ ಸುಂಕ ಹೇರಿತು. ಪಟ್ಟಿಯಲ್ಲಿ 7302 10 ಇತ್ತು, 7302 40 ಮತ್ತು 90 ಕೂಡ ಇದ್ದವು. 7302 30 ಇರಲಿಲ್ಲ. ಕಂಬಿಗೆ ಸುಂಕ, ಅದರ ಪಕ್ಕದ ಸ್ವಿಚ್ ಬ್ಲೇಡಿಗೆ ಇಲ್ಲ. 2025ರ ಮಾರ್ಚ್‌ನಲ್ಲಿ ಆ ಬಿಡುವೂ ಮುಚ್ಚಿಹೋಯಿತು. ಜೂನ್‌ನಲ್ಲಿ ದರ ಶೇಕಡಾ 50ಕ್ಕೇರಿತು. ಬ್ರಿಟನ್ನಿನಲ್ಲಿ ಬೇರೆಯೇ ಕಥೆ: ಅಲ್ಲಿನ ರೈಲ್ವೆಗೆ ಹೆಚ್ಚಿನ ಕಂಬಿ ಒದಗಿಸುವ ಸ್ಕನ್‌ಥಾರ್ಪ್ ಕಾರ್ಖಾನೆ ಮುಚ್ಚುವ ಹಂತ ತಲುಪಿದಾಗ, 2025ರ ಏಪ್ರಿಲ್ 12ರಂದು ಸಂಸತ್ತು ತುರ್ತಾಗಿ ಸೇರಿ, ಅದರ ಹತೋಟಿಯನ್ನು ಸರ್ಕಾರಕ್ಕೆ ನೀಡುವ ಕಾಯಿದೆ ಮಾಡಿತು. 1881ರಲ್ಲಿ ಜಗತ್ತಿಗೆಲ್ಲ ಕಂಬಿ ಮಾರುತ್ತಿದ್ದ ದೇಶವದು.

ಭಾರತದಲ್ಲಿ ಉಕ್ಕು ಆಮದು ನಿಗಾ ವ್ಯವಸ್ಥೆ 2019ರ ನವೆಂಬರ್ 1ರಿಂದ ಜಾರಿಯಲ್ಲಿದೆ. 2020ರಲ್ಲಿ ಅದನ್ನು 72, 73 ಮತ್ತು 86ನೇ ಅಧ್ಯಾಯಗಳಿಗೆ ಪೂರ್ಣವಾಗಿ ವಿಸ್ತರಿಸಿದ್ದರಿಂದ, ಕಂಬಿಯಾಗಲಿ ಜೋಡಿಸಿದ ಹಳಿಯಾಗಲಿ ಮುಂಗಡ ನೋಂದಣಿ ತಪ್ಪದು. 2025ರ ಏಪ್ರಿಲ್‌ನಲ್ಲಿ ವಿಧಿಸಿದ ಶೇಕಡಾ 12ರ ತಾತ್ಕಾಲಿಕ ಸುರಕ್ಷಾ ಸುಂಕ ಮಾತ್ರ ಚಪ್ಪಟೆ ಉಕ್ಕಿಗೆ ಸೀಮಿತವಾಗಿತ್ತು, ಕಂಬಿ ಚಪ್ಪಟೆಯಲ್ಲ.

ದೊಡ್ಡ ಯೋಜನೆಗಳಿಗೆ ಇನ್ನೊಂದು ದಾರಿಯಿದೆ. ‘ಪ್ರಾಜೆಕ್ಟ್ ಇಂಪೋರ್ಟ್’ ಎಂಬ 9801ನೇ ಶೀರ್ಷಿಕೆಯಡಿ ಗುತ್ತಿಗೆ ಒಪ್ಪಂದವನ್ನು ಮೊದಲೇ ನೋಂದಾಯಿಸಿದರೆ, ಅಧಿಸೂಚಿತ ಯೋಜನೆಯ ಸರಕುಗಳೆಲ್ಲ ಬಿಡಿ ಸಂಖ್ಯೆಗಳ ಹಂಗಿಲ್ಲದೆ ಒಂದೇ ದರಕ್ಕೆ ಒಳಪಡುತ್ತವೆ. 2010–11ರ ಬಜೆಟ್ ಮೊನೊರೈಲು ಯೋಜನೆಗಳನ್ನು ಶೇಕಡಾ 5ರ ದರದಲ್ಲಿ ಇದಕ್ಕೆ ಸೇರಿಸಿತ್ತು. 2022ರ ಬಜೆಟ್ ಇಂತಹ ರಿಯಾಯಿತಿಗಳನ್ನು ಕ್ರಮೇಣ ಹಿಂತೆಗೆದು ಶೇಕಡಾ 7.5ರ ಮಧ್ಯಮ ದರ ತರುವುದಾಗಿ ಸಾರಿತು. ಜಪಾನಿನೊಂದಿಗೆ 2011ರಿಂದ ಜಾರಿಯಲ್ಲಿರುವ ಒಪ್ಪಂದದ ಲಾಭ ಪಡೆಯುವವರು ಮೂಲದೇಶದ ಪ್ರಮಾಣಪತ್ರದ ಜೊತೆಗೆ 2020ರ ಸೆಪ್ಟೆಂಬರ್ 21ರಿಂದ ಬಂದ ಬಿಗಿ ನಿಯಮಗಳನ್ನೂ ಪಾಲಿಸಬೇಕು.

2011ರಿಂದ ಸ್ವಯಂ ನಿರ್ಧರಣೆ ಪದ್ಧತಿ ಇರುವುದರಿಂದ ಸಂಖ್ಯೆ ಬರೆಯುವ ಹೊಣೆ ಆಮದುದಾರನದೇ. ಕಡಿಮೆ ಕಟ್ಟಿದ ಸುಂಕಕ್ಕೆ ಇಲಾಖೆ ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ನೋಟಿಸು ನೀಡಬಹುದು. ಉದ್ದೇಶಪೂರ್ವಕ ತಪ್ಪು ಹೇಳಿಕೆಯೆಂದಾದರೆ ಐದು ವರ್ಷ. ಸಂಶಯವಿದ್ದವರು ಸರಕು ತರಿಸುವ ಮೊದಲೇ ದೆಹಲಿ ಅಥವಾ ಮುಂಬಯಿಯ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರದ ಮೊರೆ ಹೋಗಬಹುದು. ಕಂಬಿ ಹೊಸದೋ ಹಳೆಯದೋ, ಬಿಡಿಯೋ ಜೋಡಿಸಿದ್ದೋ, ಮೀಟರಿಗೆ ತೂಕವೆಷ್ಟು, ಅಡ್ಡಕೊಯ್ತದ ಆಕಾರ ಯಾವುದು ಎಂಬ ವಿವರಗಳೊಂದಿಗೆ ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರವೂ ಕೈಯಲ್ಲಿರಬೇಕು. ಬೆಂಗಳೂರಿನವರು ಮರೆಯಬಾರದ ಮತ್ತೊಂದು ಸಂಗತಿಯಿದೆ. 18 ಮೀಟರ್ ಉದ್ದದ ಕಂಬಿ ಸುಮಾರು 12 ಮೀಟರಿನ ನಲವತ್ತು ಅಡಿ ಕಂಟೇನರಿನಲ್ಲಿ ಹಿಡಿಸುವುದಿಲ್ಲ. ಅದು ಹಡಗಿನ ಒಡಲಲ್ಲಿ ಬಿಡಿ ಸರಕಾಗಿ ಬಂದರಿಗೆ ಬಂದು, ಅಲ್ಲಿಂದ ಉದ್ದನೆಯ ಟ್ರೇಲರ್ ಏರಬೇಕು. ಹಾಗಾಗಿ ಇದರ ಕಾಗದಪತ್ರಗಳ ಕೆಲಸ ನಡೆಯುವುದು ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೊದಲ್ಲಲ್ಲ, ಸಮುದ್ರದ ದಂಡೆಯಲ್ಲಿ.